ಕೇಳಿದಾಗ ಮಾಡಿಕೊಡುವುದೋ, ಮೊದಲೇ ಮಾಡಿಡುವುದೋ?

ಪ್ರಶ್ನೆ: ನಮ್ಮ ಊರಿನ ಹವ್ಯಾಸಿ ತಾಳಮದ್ದಲೆ ಕೂಟದ 240 ಪ್ರಸಂಗಗಳನ್ನು ಹತ್ತು ವರ್ಷಗಳಲ್ಲಿ ಚಿತ್ರೀಕರಿಸಿ ಇಟ್ಟಿದ್ದೇನೆ. ಒಂದೊಂದೂ ಸುಮಾರು ಮೂರು ಗಂಟೆಯದು, 1080ಪಿ, ಎಚ್.264 ಎಂಬ ಕುಗ್ಗಿಸಿದ ವೀಡಿಯೊ ರೂಪದಲ್ಲಿದೆ, ಬಿಟ್‌ರೇಟ್ ಸೆಕೆಂಡಿಗೆ 24 ಮೆಗಾಬಿಟ್. ಬಾಡಿಗೆ ಸರ್ವರಿಗೆ ಹಾಕಿ ಲಿಂಕ್ ಕಳಿಸಿದರೆ ಬೆಂಗಳೂರಿನವರು ನೋಡುತ್ತಾರೆ, ಹೊಸನಗರ ಕಡೆಯ ನೆಂಟರಿಗೆ ಮಾತ್ರ ಚಕ್ರ ತಿರುಗುತ್ತಲೇ ಇರುತ್ತದೆ. ಎಲ್ಲ ಗಾತ್ರಗಳಲ್ಲೂ ಪ್ರತಿ ಮಾಡಿಟ್ಟರೆ ಡಿಸ್ಕ್ ಸಾಲದೆಂದು, ಯಾರಾದರೂ ಕೇಳಿದಾಗ ಮಾತ್ರ ಸರ್ವರೇ ಬೇಕಾದ ಗಾತ್ರಕ್ಕೆ ಪರಿವರ್ತಿಸಿ (ಟ್ರಾನ್ಸ್‌ಕೋಡ್) ಕೊಡುವಂತೆ ಮಾಡಬೇಕೆಂದಿದ್ದೇನೆ. ಇದು ಸರಿಯೆ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಆಲೋಚನೆ ದೊಡ್ಡ ಗಾತ್ರದ ಪ್ರತಿಗಳಿಗೆ ಸರಿ, ಸಣ್ಣವುಗಳಿಗೆ ತಪ್ಪು. ಡಿಸ್ಕಿನ ಲೆಕ್ಕವನ್ನೇ ಮೊದಲು ನೋಡೋಣ. ನಿಮ್ಮ ಮೂಲ ಕಡತ ಒಂದಕ್ಕೆ 32.4 ಗಿಗಾಬೈಟ್ ಬೇಕು. 240ಕ್ಕೆ ಸುಮಾರು 7.8 ಟೆರಾಬೈಟ್. ಇದನ್ನು ನೀವು ಹೇಗೂ ಉಳಿಸಿಕೊಳ್ಳುತ್ತಿದ್ದೀರಿ. 480ಪಿ ಪ್ರತಿಗೆ 1.2 ಮೆಗಾಬಿಟ್, 360ಪಿಗೆ 0.6, 240ಪಿಗೆ 0.3 ಎಂದು ಇಟ್ಟುಕೊಂಡರೆ ಮೂರೂ ಸೇರಿ ಒಂದು ಪ್ರಸಂಗಕ್ಕೆ 2.8 ಗಿಗಾಬೈಟ್, ಇಡೀ ಸಂಗ್ರಹಕ್ಕೆ 680 ಗಿಗಾಬೈಟ್ ಆಗುತ್ತದೆ. ಇದು ಮೂಲದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಡಿಸ್ಕ್ ತುಂಬಿಸುವವು 5 ಮೆಗಾಬಿಟ್‌ನ 1080ಪಿ ಮತ್ತು 2.5 ಮೆಗಾಬಿಟ್‌ನ 720ಪಿ ಪ್ರತಿಗಳು, ಅವೆರಡಕ್ಕೇ 2.4 ಟೆರಾಬೈಟ್ ಬೇಕಾಗುತ್ತದೆ. ಕೇಳಿದಾಗ ಮಾಡಿಕೊಡಬೇಕಾದವು ಅವೆರಡು ಮಾತ್ರ.

ಸಣ್ಣ ಪ್ರತಿಗಳನ್ನು ಮೊದಲೇ ಮಾಡಿಡಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಜಾಗದ ಲೆಕ್ಕಕ್ಕಿಂತ ದೊಡ್ಡ ಕಾರಣವಿದೆ. ವೀಡಿಯೊವನ್ನು ಎಚ್.264 ರೂಪಕ್ಕೆ ಕುಗ್ಗಿಸುವ ತಂತ್ರಾಂಶವಾದ ಎಕ್ಸ್264 ಎನ್‌ಕೋಡರಿಗೆ ಸಮಯ ಕೊಟ್ಟಷ್ಟೂ ಅದು ಒಂದು ಚೌಕಟ್ಟಿಗೂ ಇನ್ನೊಂದಕ್ಕೂ ಇರುವ ಹೋಲಿಕೆಯನ್ನು ಆಳವಾಗಿ ಹುಡುಕಿ, ಅಷ್ಟೇ ಬಿಟ್ಟುಗಳಲ್ಲಿ ಸ್ವಚ್ಛವಾದ ಚಿತ್ರ ಕೊಡುತ್ತದೆ. ನೋಡುಗ ಕಾಯುತ್ತಿರುವಾಗ ಆ ಸಮಯ ಇರುವುದಿಲ್ಲವಾದ್ದರಿಂದ ‘ವೆರಿಫಾಸ್ಟ್’ ಎಂಬ ಅವಸರದ ಹೊಂದಿಕೆಯನ್ನು ಬಳಸಬೇಕಾಗುತ್ತದೆ; ಮೊದಲೇ ಮಾಡಿಡುವಾಗ ರಾತ್ರಿಯಿಡೀ ‘ಸ್ಲೋ’ ಹೊಂದಿಕೆಯಲ್ಲಿ ಓಡಿಸಬಹುದು. ಬೆಂಗಳೂರಿನ ಫೈಬರ್ ಸಂಪರ್ಕಕ್ಕೆ ಅವಸರದಲ್ಲಿ ಪೋಲಾದ ಒಂದಿಷ್ಟು ಬಿಟ್ಟುಗಳ ಲೆಕ್ಕ ಹತ್ತುವುದಿಲ್ಲ. ಆದರೆ ಮಳೆಗಾಲದಲ್ಲಿ ಕರೆಂಟ್ ಹೋಗಿ, ಊರಿನ ಟವರಿನ ಬ್ಯಾಟರಿಯೂ ಇಳಿದು, ದೂರದ ಟವರಿನಿಂದ ಅರ್ಧ ಮೆಗಾಬಿಟ್ ಬಂದರೆ ಪುಣ್ಯ ಎನ್ನುವ ಮನೆಗೆ ಪ್ರತಿಯೊಂದು ಬಿಟ್ಟೂ ಲೆಕ್ಕವೇ. ಎಲ್ಲವನ್ನೂ ಕೇಳಿದಾಗಲೇ ಮಾಡುವ ವ್ಯವಸ್ಥೆಯಲ್ಲಿ ಅತ್ಯಂತ ಕಡಿಮೆ ಸಂಪರ್ಕವಿರುವವರಿಗೇ ಅತ್ಯಂತ ಅವಸರದ ಕೆಲಸ ಹೋಗಿ ಮುಟ್ಟುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ.

ತಾಳಮದ್ದಲೆಯಲ್ಲಿ ನಿಮಗೊಂದು ಅನುಕೂಲವೂ ಇದೆ. ಅರ್ಥಧಾರಿಗಳು ಕುಳಿತಲ್ಲಿಯೇ ಕುಳಿತಿರುವುದರಿಂದ, ಹಿನ್ನೆಲೆ ಬದಲಾಗದಿರುವುದರಿಂದ, ಅಷ್ಟೇ ಗಾತ್ರದ ಯಕ್ಷಗಾನದ ಚಿತ್ರಕ್ಕೆ ಬೇಕಾಗುವ ಬಿಟ್ಟುಗಳಲ್ಲಿ ಒಂದು ಪಾಲಷ್ಟೇ ಇದಕ್ಕೆ ಸಾಕು. ಕಿರೀಟದ ಮಿನುಗು, ಗಿರಕಿ, ಕತ್ತಲಲ್ಲಿ ಬೆಳಗುವ ರಂಗಸ್ಥಳ ಇವೆಲ್ಲ ಎನ್‌ಕೋಡರಿಗೆ ಬಹಳ ಕಷ್ಟದ ದೃಶ್ಯಗಳು. ಆದ್ದರಿಂದ ಬಿಟ್‌ರೇಟನ್ನು ಒಂದೇ ಅಂಕಿಗೆ ಕಟ್ಟಿಹಾಕದೆ, ಸಿಆರ್‌ಎಫ್ ಎಂಬ ಗುಣಮಟ್ಟದ ಅಂಕಿಯನ್ನು 23ರ ಸುಮಾರಿಗೆ ಇಟ್ಟು, ಮೇಲಿನ ಮಿತಿಯನ್ನು ಮಾತ್ರ ಮೇಲೆ ಹೇಳಿದ ಅಂಕಿಗಳಿಗೆ ನಿಗದಿ ಮಾಡಿ. ಹೆಚ್ಚಿನ ಪ್ರಸಂಗಗಳು ಆ ಮಿತಿಯನ್ನು ಮುಟ್ಟಲಾರವು.

ವೀಡಿಯೊ ನೋಡುಗರಿಗೆ ಇಡಿಯಾಗಿ ಹೋಗದೆ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಹೋಗುತ್ತದೆ. ಧ್ವನಿಯನ್ನಂತೂ ಕೇಳಿದಾಗ ತುಣುಕು ತುಣುಕಾಗಿ ಎನ್‌ಕೋಡ್ ಮಾಡಲೇಬೇಡಿ. ಎಎಸಿ ಎಂಬ ರೂಪಕ್ಕೆ ಕುಗ್ಗಿಸಿದ ಧ್ವನಿ 1024 ಸ್ಯಾಂಪಲ್‌ಗಳ (ಧ್ವನಿಯ ಅಳತೆಗಳ) ಕಂತುಗಳಲ್ಲಿ ಸಾಗುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ಇರುವಾಗ ಆರು ಸೆಕೆಂಡಿನ ತುಣುಕಿಗೆ 281 ಕಂತುಗಳೂ ಮೇಲೊಂದು ಕಾಲೂ ಆಗುತ್ತದೆ, ಎಂದರೆ ತುಣುಕಿನ ಅಂಚೂ ಕಂತಿನ ಅಂಚೂ ಕೂಡುವುದಿಲ್ಲ. ಪ್ರತಿ ತುಣುಕನ್ನು ಬೇರೆ ಬೇರೆಯಾಗಿ ಮಾಡಿ ಜೋಡಿಸಿದರೆ ಕೂಡುವಲ್ಲಿ ಟಿಕ್ ಎಂಬ ಸದ್ದು ಕೇಳಿಸಬಹುದು, ಮದ್ದಲೆಯ ಪೆಟ್ಟಿನ ನಡುವೆ ಅದು ಕಿವಿಗೆ ಚುಚ್ಚುತ್ತದೆ. ಇಡೀ ಪ್ರಸಂಗದ ಧ್ವನಿಯನ್ನು ಒಂದೇ ಓಟದಲ್ಲಿ 64 ಕಿಲೊಬಿಟ್‌ಗೆ ಎನ್‌ಕೋಡ್ ಮಾಡಿಟ್ಟು, ಆಮೇಲೆ ತುಣುಕು ಮಾಡಿದರೆ ಒಂದಕ್ಕೆ 86 ಮೆಗಾಬೈಟ್ ಸಾಕು. ಅದನ್ನು ಚಿತ್ರವಿಲ್ಲದ ಪ್ರತಿಯಾಗಿಯೂ ಪಟ್ಟಿಯಲ್ಲಿ ಸೇರಿಸಿ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಫೋನನ್ನು ಬದಿಗಿಟ್ಟು ಅರ್ಥಗಾರಿಕೆ ಕೇಳುವವರಿಗೆ ಬೇಕಾದದ್ದು ಅದೇ.

ಇನ್ನು 720ಪಿ ಮತ್ತು 1080ಪಿ. ಹೀಗೆ ತುಣುಕುಗಳಾಗಿ ಕಳಿಸುವ ಎಚ್‌ಎಲ್‌ಎಸ್ ಪದ್ಧತಿಯಲ್ಲಿ ಪ್ಲೇಯರ್ ಮೊದಲು ತುಣುಕುಗಳ ಪಟ್ಟಿಯನ್ನು ಓದಿ, ಆಮೇಲೆ ಒಂದೊಂದನ್ನೇ ಕೇಳುತ್ತದೆ. ಪಟ್ಟಿಯನ್ನು ಮೊದಲೇ ಬರೆದಿಡಬಹುದು. ಅದರಲ್ಲಿರುವ ತುಣುಕುಗಳು ಇನ್ನೂ ಹುಟ್ಟಿರಬೇಕಾಗಿಲ್ಲ. ಬೇಡಿಕೆ ಬಂದಾಗ ಸರ್ವರ್ ಮೂಲ ಕಡತದಲ್ಲಿ ಆ ಸಮಯಕ್ಕಿಂತ ಹಿಂದಿನ ಕೀಫ್ರೇಮಿಗೆ (ಬೇರೆ ಚೌಕಟ್ಟುಗಳ ನೆರವಿಲ್ಲದೆ ತಾನೇ ಪೂರ್ಣವಾಗಿರುವ ಚೌಕಟ್ಟಿಗೆ) ಹೋಗಿ, ಅಲ್ಲಿಂದ ಚಿತ್ರವನ್ನು ಬಿಚ್ಚುತ್ತ (ಡಿಕೋಡ್ ಮಾಡುತ್ತ) ಬಂದು, ಬೇಕಾದ ಆರು ಸೆಕೆಂಡನ್ನಷ್ಟೇ ಎನ್‌ಕೋಡ್ ಮಾಡಿ, ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಒಂದು ಪ್ರತಿ ಇಟ್ಟುಕೊಂಡು ಕಳಿಸುತ್ತದೆ. ನಿಮ್ಮ ಸರ್ವರ್ ಮೂರು ಪಟ್ಟು ವೇಗದಲ್ಲಿ ಎನ್‌ಕೋಡ್ ಮಾಡಬಲ್ಲದಾದರೆ ಮೊದಲ ತುಣುಕಿಗೆ ಎರಡು ಸೆಕೆಂಡು ಕಾಯಬೇಕು. ಆ ಕಾಯುವಿಕೆ ಒಮ್ಮೆ ಮಾತ್ರ ಆಗಬೇಕಾದರೆ ಒಂದನ್ನು ಕೊಡುವಾಗಲೇ ಮುಂದಿನ ಎರಡನ್ನು ತಯಾರಿಸಲು ಹಚ್ಚಬೇಕು. ಇಬ್ಬರು ಒಂದೇ ತುಣುಕನ್ನು ಒಟ್ಟಿಗೆ ಕೇಳಿದರೆ ಎರಡು ಕೆಲಸ ಶುರುವಾಗದಂತೆ, ಎರಡನೆಯವರು ಮೊದಲನೆಯವರ ಫಲಿತಾಂಶಕ್ಕೇ ಕಾಯುವಂತೆ ಬೀಗ ಹಾಕಬೇಕು. ಇದನ್ನು ಮರೆತ ಸರ್ವರ್‌ಗಳು ಹೊಸ ಲಿಂಕ್ ಹಂಚಿದ ಸಂಜೆಯೇ ಕುಸಿದು ಬೀಳುತ್ತವೆ.

ಎಡವುವ ಜಾಗಗಳು ಇನ್ನೆರಡು ಇವೆ. ಎಲ್ಲ ಗಾತ್ರಗಳಲ್ಲೂ ತುಣುಕುಗಳು ಒಂದೇ ಕ್ಷಣದಲ್ಲಿ, ಕೀಫ್ರೇಮಿನಿಂದಲೇ ಆರಂಭವಾಗಬೇಕು, ಇಲ್ಲದಿದ್ದರೆ ಸಿಗ್ನಲ್ ಇಳಿದಾಗ ಪ್ಲೇಯರ್ ಸಣ್ಣ ಪ್ರತಿಗೆ ಸಲೀಸಾಗಿ ಜಾರಲಾರದು. ಎಕ್ಸ್264 ತಾನಾಗಿ 250 ಚೌಕಟ್ಟುಗಳವರೆಗೆ ಕೀಫ್ರೇಮ್ ಇಲ್ಲದೆ ಹೋಗಬಲ್ಲದು. ಸೆಕೆಂಡಿಗೆ 25 ಚೌಕಟ್ಟಿನ ಲೆಕ್ಕದಲ್ಲಿ ಅದು ಹತ್ತು ಸೆಕೆಂಡು. ಎರಡು ಸೆಕೆಂಡಿಗೊಂದು ಎಂದು ನೀವೇ ಕಡ್ಡಾಯ ಮಾಡಿ. ಹಾಗೆಯೇ ಬೇರೆ ಬೇರೆಯಾಗಿ ಹುಟ್ಟಿದ ಪ್ರತಿ ತುಣುಕಿನ ಸಮಯಮುದ್ರೆ ಸೊನ್ನೆಯಿಂದ ಶುರುವಾಗದೆ ಪ್ರಸಂಗದ ನಿಜವಾದ ಸಮಯವನ್ನೇ ಹೊತ್ತಿರಬೇಕು. ಕ್ಯಾಶ್‌ನಲ್ಲಿ ತಿಂಗಳವರೆಗೆ ಯಾರೂ ಮುಟ್ಟದ ತುಣುಕುಗಳನ್ನು ಅಳಿಸಬಹುದು. ಮೂಲ ಕಡತಗಳಿಗೆ ಮಾತ್ರ ಮನೆಯಲ್ಲೊಂದು ಪ್ರತಿ ಬೇರೆ ಇರಲಿ.

ಪ್ರಶ್ನೆ: ನಮ್ಮ ದೇವಸ್ಥಾನದ ರಥೋತ್ಸವವನ್ನು ನೇರ ಪ್ರಸಾರ ಮಾಡುತ್ತೇವೆ. ತೇರು ಹೊರಟಿತೆಂದು ಫೋನಿನಲ್ಲಿ ಹೇಳಿದರೆ, ಮಗಳಿಗೆ ಅದು ಕಾಣುವುದು ಅರ್ಧ ನಿಮಿಷದ ನಂತರ. ಈ ವಿಳಂಬವನ್ನು ಕಡಿಮೆ ಮಾಡಬಹುದೆ?
– ಓದುಗರು, ಸಾಗರ

ಉತ್ತರ: ಮಾಡಬಹುದು. ಎಚ್‌ಎಲ್‌ಎಸ್ ನೇರ ಪ್ರಸಾರದಲ್ಲಿ ಪ್ಲೇಯರ್ ಕೊನೆಯ ತುದಿಯಿಂದ ಮೂರು ತುಣುಕಿನಷ್ಟು ಹಿಂದೆ ನಿಂತು ಆರಂಭಿಸುತ್ತದೆ. ಆರು ಸೆಕೆಂಡಿನ ತುಣುಕಾದರೆ ಅಲ್ಲಿಗೇ 18 ಸೆಕೆಂಡು ಹೋಯಿತು. ಎನ್‌ಕೋಡಿಂಗ್, ಅಪ್‌ಲೋಡ್ ಸೇರಿ ಉಳಿದದ್ದು. ತುಣುಕನ್ನು ಎರಡು ಸೆಕೆಂಡಿಗೆ ಇಳಿಸಿದರೆ 18 ಇದ್ದದ್ದು ಆರಾಗುತ್ತದೆ. ಎಕ್ಸ್264 ಮುಂದಿನ 40 ಚೌಕಟ್ಟುಗಳನ್ನು ನೋಡಿಕೊಂಡು ತೀರ್ಮಾನಿಸುವುದರಿಂದ ಇನ್ನೂ 1.6 ಸೆಕೆಂಡು ಹಿಡಿಯುತ್ತದೆ. ‘ಜೀರೋಲೇಟೆನ್ಸಿ’ ಹೊಂದಿಕೆ ಅದನ್ನು ತೆಗೆಯುತ್ತದೆ, ಚಿತ್ರ ಸ್ವಲ್ಪ ಕಳೆಗುಂದುತ್ತದೆ. ಆಪಲ್ 2019ರಲ್ಲಿ ಪ್ರಕಟಿಸಿದ ಕಡಿಮೆ ವಿಳಂಬದ ಎಚ್‌ಎಲ್‌ಎಸ್‌ನಲ್ಲಿ ತುಣುಕು ಪೂರ್ತಿಯಾಗುವ ಮೊದಲೇ ಅದರ ಚೂರುಗಳು ಹೊರಡುತ್ತವೆ. ಆದರೆ ಪ್ಲೇಯರಿನ ಬಳಿ ಉಳಿದಿರುವ ಸೆಕೆಂಡುಗಳು ಸಿಗ್ನಲ್ ತಪ್ಪಿದ ಗಳಿಗೆಯಲ್ಲಿ ಬಳಸಲಿಟ್ಟ ದಾಸ್ತಾನು. ಆ ದಾಸ್ತಾನನ್ನೇ ಎರಡು ಸೆಕೆಂಡಿಗೆ ಇಳಿಸಿದರೆ ಕಾರ್ಗಲ್ಲಿನಲ್ಲಿ ನೋಡುವವರಿಗೆ ತೇರು ನಡುದಾರಿಯಲ್ಲೇ ನಿಲ್ಲುತ್ತದೆ. ಎರಡು ಸೆಕೆಂಡಿನ ತುಣುಕಿಗೆ ನಿಲ್ಲಿಸಿ, ಅದಕ್ಕಿಂತ ಕೆಳಗೆ ಹೋಗಬೇಡಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಎಚ್.264 ಬಿಟ್ಟು ಎವಿ1ಗೆ ಹೋಗುವುದು ಒಳ್ಳೆಯದೆ?
– ಓದುಗರು, ಶಿವಮೊಗ್ಗ

ಉತ್ತರ: ಎವಿ1 ಎಂಬ ಹೊಸ ವೀಡಿಯೊ ರೂಪ 2018ರಲ್ಲಿ ಬಂದದ್ದು, ಅದೇ ಚಿತ್ರಕ್ಕೆ ಬೇಕಾಗುವ ಬಿಟ್ಟುಗಳು ಸಾಕಷ್ಟು ಕಡಿಮೆ. ಆದರೆ ಎನ್‌ಕೋಡಿಂಗಿಗೆ ಹಿಡಿಯುವ ಸಮಯ ಹೆಚ್ಚು, ಹಳೆಯ ಫೋನುಗಳ ಚಿಪ್‌ನಲ್ಲಿ ಅದರ ಡಿಕೋಡರ್ ಇಲ್ಲದಿರುವುದರಿಂದ ಫೋನು ಬಿಸಿಯಾಗಿ ಬ್ಯಾಟರಿ ಬೇಗ ಇಳಿಯುತ್ತದೆ. 2003ರ ಎಚ್.264 ಎಲ್ಲ ಫೋನಿನಲ್ಲೂ ಓಡುತ್ತದೆ. ಅದನ್ನು ಬಿಡದೆ, ಮೊದಲೇ ಮಾಡಿಡುವ 360ಪಿ ಪ್ರತಿಗೆ ಜೊತೆಯಾಗಿ ಎವಿ1ನ ಒಂದು ಪ್ರತಿ ಇಡಿ. ಓಡಿಸಬಲ್ಲ ಫೋನು ಅದನ್ನು ತಾನೇ ಆರಿಸಿಕೊಳ್ಳುತ್ತದೆ.