ಆಲ್ಫಾ ಬಂತು, ಸರಿ, ಆಮೇಲೆ?

ನಮಸ್ಕಾರ ಮೇಡಂ, ನರ್ಸ್‌ಗಳ ಬರ್ನ್‌ಔಟ್ (ಕೆಲಸದ ಒತ್ತಡಕ್ಕೆ ಪೂರ್ತಿ ಬಸವಳಿಯೋದು) ಅಳೆಯೋ ಮಾಸ್ಲಾಕ್ ಪ್ರಶ್ನಾವಳಿನ ಕನ್ನಡಕ್ಕೆ ತಂದು ಪರೀಕ್ಷೆ ಮಾಡಿದ ಬಗ್ಗೆ ನೀವು ಕಳ್ಸಿದ ಲೇಖನ ಎರಡು ಸಲ ಓದ್ದೆ. ಈಗಿರೋ ಹಾಗೆ ನಮ್ಮ ಪತ್ರಿಕೇಲಿ ಹಾಕೋಕಾಗಲ್ಲ, ಬೇಜಾರ್ ಮಾಡ್ಕೋಬೇಡಿ, ಯಾಕೆ ಅಂತ ಬಿಡಿಸಿ ಹೇಳ್ತೀನಿ.

ಮೊದಲ ಎರಡು ಪುಟ ಬರೀ ಇತಿಹಾಸ. 1974ರಲ್ಲಿ ಬರ್ನ್‌ಔಟ್ ಬಗ್ಗೆ ಬರೆದ ಫ್ರಾಯ್ಡನ್‌ಬರ್ಗರ್, 1981ರಲ್ಲಿ ಈ ಪ್ರಶ್ನಾವಳಿ ತಂದ ಮಾಸ್ಲಾಕ್ ಮತ್ತು ಜಾಕ್ಸನ್, 2019ರಲ್ಲಿ ಡಬ್ಲ್ಯುಎಚ್‌ಒ ಇದು ಕಾಯಿಲೆ ಅಲ್ಲ ಕೆಲಸದಿಂದ ಬರೋ ಸ್ಥಿತಿ ಅಂದಿದ್ದು, ಎಲ್ಲಾ ಸರಿನೇ, ನಾಲ್ಕು ಸಾಲು ಸಾಕು.

ನಿಜವಾದ ತಕರಾರು ಬೇರೆ. ‘ಕ್ರೋನ್‌ಬಾಕ್ ಆಲ್ಫಾ 0.9 ದಾಟಿದೆ, ಆದ್ದರಿಂದ ಪ್ರಶ್ನಾವಳಿ ಬರ್ನ್‌ಔಟನ್ನೇ ಅಳೆಯುತ್ತದೆ’ ಅಂತ ಬರ್ದಿದೀರಲ್ಲ, ಆ ‘ಆದ್ದರಿಂದ’ ನಿಲ್ಲಲ್ಲ. ಆಲ್ಫಾ ಅಂದ್ರೆ ಪ್ರಶ್ನೆಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತೆ ಅಂತ ಹೇಳೋ ಅಂಕಿ, 1ಕ್ಕೆ ಹತ್ತಿರ ಆದಷ್ಟು ಹೊಂದಾಣಿಕೆ ಜಾಸ್ತಿ. ಸುಸ್ತಾಗಿದೆ, ದಣಿವಾಗಿದೆ, ಆಯಾಸ ಆಗಿದೆ ಅಂತ ಒಂದೇ ಮಾತನ್ನ ಹತ್ತು ಥರ ಕೇಳಿದ್ರೂ ಆಲ್ಫಾ ಏರುತ್ತೆ, ರಕ್ತ ಕಮ್ಮಿ ಇರೋ ನರ್ಸೂ ಎಲ್ಲಕ್ಕೂ ಹೌದು ಅಂತಾರೆ. ಪ್ರಶ್ನೆಗಳು ಒಂದಕ್ಕೊಂದು ಹೊಂದ್ಕೊಂಡಿವೆ ಅಂತ ಗೊತ್ತಾಯ್ತು, ಅಷ್ಟೇ, ಅದು ರಿಲಯಬಿಲಿಟಿಯ (ಅಳತೆ ಎಷ್ಟು ಸ್ಥಿರ ಅನ್ನೋದರ) ಒಂದು ತುಂಡು. ಅದೂ ನೀವು 22 ಪ್ರಶ್ನೆನೂ ಒಟ್ಟಿಗೆ ಹಾಕಿ ಲೆಕ್ಕ ಮಾಡಿದೀರಿ! ಮಾಸ್ಲಾಕ್ ಪ್ರಶ್ನಾವಳೀಲಿ ದಣಿವಿಗೆ 9, ರೋಗಿಗಳ ಬಗ್ಗೆ ಮನಸ್ಸು ಕಲ್ಲಾಗೋದಕ್ಕೆ 5, ಕೆಲಸದ ಸಾರ್ಥಕತೆಗೆ 8, ಕೊನೇದು ಉಲ್ಟಾ ದಿಕ್ಕಿಂದು (ಸ್ಕೋರ್ ಹೆಚ್ಚಿದ್ರೆ ಬರ್ನ್‌ಔಟ್ ಕಮ್ಮಿ), ಮೂರಕ್ಕೂ ಬೇರೆ ಬೇರೆ ಆಲ್ಫಾ ಕೊಡಿ.

ವ್ಯಾಲಿಡಿಟಿ, ಅಂದ್ರೆ ಅಳೀಬೇಕಾದ್ದನ್ನೇ ಅಳೀತಿದೆಯಾ ಅನ್ನೋದರ ಬಗ್ಗೆ ಒಂದೇ ಪ್ಯಾರಾ ಇದೆ. ಡಿಪ್ರೆಶನ್ ಪ್ರಶ್ನಾವಳಿ ಜೊತೆ ಹೋಲಿಸಿದ್ರಾ? ಎರಡರ ಸ್ಕೋರೂ ಹೆಚ್ಚೂಕಮ್ಮಿ ಒಂದೇ ಥರ ಓಡಿದ್ರೆ ನೀವು ಅಳ್ದಿದ್ದು ಯಾವುದನ್ನ? ಎರಡು ವಾರ ಬಿಟ್ಟು ಅದೇ ನರ್ಸ್‌ಗಳಿಗೆ ಮತ್ತೆ ಕೊಟ್ಟೆ ಅಂದಿದೀರಿ, ಒಳ್ಳೇದು, ಆದ್ರೆ ನಡುವೆ ನೈಟ್ ಡ್ಯೂಟಿ ಬದಲಾಗಿದ್ರೆ ಸ್ಕೋರ್ ಇಳಿದಿದ್ದು ಪ್ರಶ್ನಾವಳಿ ತಪ್ಪಲ್ಲ, ಅದನ್ನ ಕೇಳ್ಕೊಂಡ್ರಾ?

ಇಷ್ಟೆಲ್ಲಾ ಬೈದ್ರೂ ಲೇಖನ ವಾಪಸ್ ಕಳ್ಸಿಲ್ಲ, ಕಾರಣ ಆರನೇ ಪುಟ. ಇಂಗ್ಲಿಷಿನ ಒಂದು ಪ್ರಶ್ನೇನ ನೀವು ‘ನಾನು ಹಗ್ಗದ ತುದಿಯಲ್ಲಿದ್ದೇನೆ ಅನ್ನಿಸುತ್ತದೆ’ ಅಂತ ಮಾಡಿದ್ರಿ, ಸಿಸ್ಟರ್ ಒಬ್ರು ಪೆನ್ ಕೆಳಗಿಟ್ಟು ‘ಇದೇನ್ ಮೇಡಂ, ನೇಣು ಹಾಕ್ಕೊಳ್ತೀಯಾ ಅಂತ ಕೇಳ್ತಿದೀರಾ?’ ಅಂದ್ರು. ಅಲ್ಲಿ ಕೇಳ್ತಿರೋದು ‘ನನ್ ಕೈಲಿ ಇನ್ನಾಗಲ್ಲಪ್ಪ’ ಅನ್ನೋ ಸ್ಥಿತಿ. ಮಜಾ ಏನಂದ್ರೆ ಬ್ಯಾಕ್ ಟ್ರಾನ್ಸ್‌ಲೇಶನ್‌ನಲ್ಲಿ (ಕನ್ನಡದ್ದನ್ನ ಮತ್ತೆ ಇಂಗ್ಲಿಷ್‌ಗೆ ಮಾಡಿಸಿ ಮೂಲದ ಜೊತೆ ಹೋಲಿಸೋದರಲ್ಲಿ) ಇದು ಸಿಕ್ಕೇ ಬೀಳಲ್ಲ, ಹಗ್ಗ ವಾಪಸ್ ಹೋಗಿ ಮತ್ತೆ ಹಗ್ಗನೇ ಆಗುತ್ತೆ, ಎಕ್ಸ್‌ಪರ್ಟ್‌ಗಳು ಟಿಕ್ ಹಾಕ್ತಾರೆ. ಆ ಸಿಸ್ಟರ್ ಇಲ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು? ನೀವೋ ‘ಪದವನ್ನು ಬದಲಿಸಲಾಯಿತು’ ಅಂತ ಒಂದೇ ಸಾಲಲ್ಲಿ ಮುಗಿಸ್ಬಿಟ್ರಿ!! ಯಾವ ಪದ ಹಾಕಿದ್ರಿ, ಅವರಿಗೇ ಮತ್ತೆ ತೋರಿಸಿದ್ರಾ, ಬೇರೆಯವರು ಎಲ್ಲೆಲ್ಲಿ ತಡವರಿಸಿದ್ರು? ಲೇಖನ ಇಲ್ಲಿಂದಲೇ ಶುರುವಾಗ್ಲಿ.

ಇನ್ನೊಂದು, ಮಾಸ್ಲಾಕ್ ಪ್ರಶ್ನಾವಳಿಗೆ ಕಾಪಿರೈಟ್ ಇದೆ, ಅನುವಾದಕ್ಕೆ ಪರ್ಮಿಶನ್ ತಗೊಂಡಿದ್ರೆ ಆ ಪತ್ರನೂ ಕಳ್ಸಿ, ಇಲ್ದಿದ್ರೆ 22 ಪ್ರಶ್ನೆಗಳ ಪಟ್ಟಿ ಅಚ್ಚು ಹಾಕಲ್ಲ. ಸಿಸ್ಟರ್ ಯಾವ ಆಸ್ಪತ್ರೆ, ಯಾವ ವಾರ್ಡ್ ಅನ್ನೋದನ್ನ ದಯವಿಟ್ಟು ತೆಗೀರಿ, ಓದಿದೋರು ಗುರುತು ಹಿಡೀತಾರೆ.