ಮೂಗಿನ ಹತ್ತಿರ ಬೆರಳಿಟ್ಟು ಬೆಳಗು ಮಾಡುವ ತಾಯಿಗೆ

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಮೂರು ವರ್ಷದಿಂದ ಫಿಟ್ಸ್ ಇದೆ, ಹೆಚ್ಚಾಗಿ ನಿದ್ದೆಯಲ್ಲೇ ಬರುತ್ತಿತ್ತು. ಆರು ತಿಂಗಳಿಂದ ಬಂದಿಲ್ಲ. ಇಂಥ ಮಕ್ಕಳು ಮಲಗಿದಲ್ಲೇ ತೀರಿಕೊಳ್ಳಬಹುದು ಎಂದು ಓದಿದಾಗಿನಿಂದ ಅವನ ಮೂಗಿನ ಹತ್ತಿರ ಬೆರಳಿಟ್ಟು ರಾತ್ರಿಯಿಡೀ ಕೂರುತ್ತೇನೆ. ಗಂಡನಿಗೂ ಹೇಳಿಲ್ಲ. ಅತ್ತೆ, ‘ವಾಸಿಯಾಯ್ತಲ್ಲ, ಮಾತ್ರೆ ಬಿಡಿಸು’ ಅನ್ನುತ್ತಾರೆ.
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನೋಡಿಮ್ಮ, ನೀವು ಓದಿದ್ದು ಸುಳ್ಳಲ್ಲ. ‘ಹಾಗೇನೂ ಆಗಲ್ಲ ಬಿಡಿ’ ಎಂದು ನಿಮ್ಮ ಬಾಯಿ ಮುಚ್ಚಿಸಲಾರೆ. ಫಿಟ್ಸ್ ಇರುವವರಿಗೆ ಹೀಗೆ ಹಠಾತ್ತಾಗಿ ಬರುವ ಸಾವನ್ನು ವೈದ್ಯರು ಸೂಡೆಪ್ ಎನ್ನುತ್ತಾರೆ. ಆದರೆ ಅಪರೂಪ. ಫಿಟ್ಸ್ ಇರುವ 4,500 ಮಕ್ಕಳಲ್ಲಿ ವರ್ಷಕ್ಕೆ ಒಂದು ಎಂದು ಅಮೆರಿಕದ ನರರೋಗ ತಜ್ಞರ 2017ರ ಮಾರ್ಗಸೂಚಿ ಹೇಳಿತ್ತು. ಸ್ವೀಡನ್, ಕೆನಡಾದ ಲೆಕ್ಕ ಸಾವಿರಕ್ಕೆ ಒಂದರ ಆಸುಪಾಸು.

ಮೈಯೆಲ್ಲ ಸೆಟೆದು ಅದುರುವ ದೊಡ್ಡ ಫಿಟ್ಸ್, ಅದರಲ್ಲೂ ರಾತ್ರಿ ಹೊತ್ತು, ಪದೇ ಪದೇ ಬರುವವರಿಗೆ ಅಪಾಯ ಹೆಚ್ಚು. ಈ ಆರು ತಿಂಗಳು ಅದು ಬರದಂತೆ ತಡೆದಿರುವುದು ಬಹುಶಃ ಆ ಮಾತ್ರೆಯೇ. ತಟ್ಟನೆ ನಿಲ್ಲಿಸಿದರೆ ಜೋರಾಗಿ ಮರುಕಳಿಸಬಹುದು. ಬಿಡಿಸುವ ಮಾತು ಸಾಮಾನ್ಯವಾಗಿ ಬರುವುದೇ ಎರಡು ವರ್ಷ ಫಿಟ್ಸ್ ಇಲ್ಲದೆ ಕಳೆದ ಮೇಲೆ, ಅದೂ ಡಾಕ್ಟರು ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಮುಂದಿನ ಸಲ ಅತ್ತೆಯವರನ್ನೂ ಜೊತೆಗೆ ಕರೆದೊಯ್ಯಿರಿ. ಸೊಸೆಯ ಮಾತಿಗಿಂತ ಡಾಕ್ಟರ ಮಾತು ಅವರಿಗೆ ಬೇಗ ನಾಟೀತು. ‘ಸೂಡೆಪ್ ಬಗ್ಗೆ ಹೇಳಿ’ ಎಂದು ನೀವೇ ಬಾಯಿಬಿಟ್ಟು ಕೇಳಿ.

ಮದುವೆ, ಜಾತ್ರೆ ಎಂದು ಊರಿಗೆ ಹೊರಟಾಗಲೇ ಮಾತ್ರೆ ತಪ್ಪುವುದು. ಶೀಟಿನಲ್ಲಿ ಐದಾರು ಉಳಿದಿರುವಾಗಲೇ ಹೊಸದು ತಂದಿಡಿ.

ಇನ್ನು ನಿಮ್ಮ ರಾತ್ರಿ. ಅವನ ಕೋಣೆಯಲ್ಲೇ ಮಲಗಿ, ಅದರಿಂದ ಉಪಯೋಗವಿದೆ. ಆದರೆ ಮಲಗಿ. ಫಿಟ್ಸ್ ಬಂದರೆ ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗದು. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಮನೆಯಲ್ಲಿ ಇಟ್ಟುಕೊಳ್ಳಬೇಕೇ ಎಂದು ಡಾಕ್ಟರನ್ನು ಕೇಳಿ. ಫಿಟ್ಸ್ ನಿಂತ ಮೇಲೂ ಉಸಿರು ಸರಾಗವಾಗುವ ತನಕ ಪಕ್ಕದಲ್ಲೇ ಇರಿ.

ಗಂಡನಿಗೆ ಹೇಳದೆ ಒಬ್ಬರೇ ಹೊತ್ತಿದ್ದೀರಲ್ಲ, ಓದುವಾಗ ನನಗೆ ಹೆಚ್ಚು ಸಂಕಟವಾದದ್ದು ಅದೇ. ಅವರೂ ಆ ಮಗುವಿನ ಅಪ್ಪ. ಇವತ್ತು ಮಗ ಮಲಗಿದ ಮೇಲೆ ಈ ಪತ್ರವನ್ನೇ ಅವರ ಕೈಗೆ ಕೊಡಿ. ನಾಳೆ ರಾತ್ರಿ ಮಗನ ಪಕ್ಕದ ಚಾಪೆ ಅವರದಾಗಲಿ, ನೀವು ಆಚೆ ಕೋಣೆಯಲ್ಲಿ ಮಲಗಿ.