ಕಾಲುವೆ ಕೊನೆಗೆ ನೀರು ಬಾರದಿರಲು ಹೂಳೊಂದೇ ಕಾರಣವಲ್ಲ
ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬಾರದ್ದಕ್ಕೆ ನೀವು ಹೂಳನ್ನು ದೂರಿದ್ದೀರಿ. ಅದು ಅರ್ಧ ಸತ್ಯ. ಹೂಳಿನಿಂದ ಜಲಾಶಯದ 133 ಟಿಎಂಸಿ (ಶತಕೋಟಿ ಘನ ಅಡಿ) ಇದ್ದ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿದೆ, ನಿಜ. ಆದರೆ ಹೆಚ್ಚಿನ ಪೆಟ್ಟು ಬಹುಶಃ ಮೇಲ್ಭಾಗದ ಭತ್ತ, ಅಕ್ರಮ ಪಂಪ್‌ಸೆಟ್‌ಗಳದು. ಕಾಲುವೆ ರೂಪಿಸಿದ್ದೇ ಬಹುಪಾಲು ಅರೆ ನೀರಾವರಿ, ಅಂದರೆ ಭತ್ತಕ್ಕಿಂತ ಕಡಿಮೆ ನೀರು ಸಾಕಾಗುವ ಬೆಳೆಗಳಿಗೆ.

ಮೊದಲು ಪಹಣಿ ಹಿಡಿದು ನೀರಾವರಿ ಉಪವಿಭಾಗದ ಕಚೇರಿಗೆ ಹೋಗಿ. ನಿಮ್ಮ ಸರ್ವೆ ನಂಬರ್ ಅಧಿಸೂಚಿತ ಅಚ್ಚುಕಟ್ಟಿನಲ್ಲಿದೆಯೇ (ಕಾಲುವೆ ನೀರು ಕೊಡಬೇಕೆಂದು ಸರ್ಕಾರ ಗುರುತಿಸಿದ ಜಮೀನು), ಯಾವ ಬೆಳೆಗೆ ಎಂದು ನೋಡಿ. ಇಲ್ಲದಿದ್ದರೆ ಹಕ್ಕಿನ ವಾದ ನಿಲ್ಲುವುದು ಕಷ್ಟ. ಇದ್ದರೆ, ವಿತರಣಾ ಕಾಲುವೆ ಶುರುವಾಗುವ ತೂಬಿನ ಬಳಿಯ ಗೇಜ್ ಪಟ್ಟಿಯ (ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ) ಫೋಟೊ ನಾಲ್ಕೈದು ದಿನ ತೆಗೆಯಿರಿ. ಅಲ್ಲಿ ಮಟ್ಟ ಸರಿಯಿದ್ದರೆ ನೀರು ಸೋರುತ್ತಿರುವುದು ನಿಮ್ಮೂರ ಹಾದಿಯಲ್ಲೇ. ಕಡಿಮೆಯಿದ್ದರೆ ತೊಡಕು ಮುಖ್ಯ ಕಾಲುವೆ ಕಡೆಯದು. ಫೋಟೊ ಸಮೇತ ನೀರು ಬಳಕೆದಾರರ ಸಂಘದ ಮೂಲಕ ಕಾರ್ಯಪಾಲಕ ಎಂಜಿನಿಯರ್‌ಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರು ಅಲ್ಲಿ ನಿಲ್ಲುವುದಿಲ್ಲ.